ಬೇಸಿಗೆಯಲ್ಲಿ ಮಲಗುವ ಕೇಸರಿ ಗಡ್ಡೆ: ಒಂದು ಲೆಕ್ಕ

ಕೇಸರಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಅಂಗಡಿಯವರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳುವ ಒಂದು ಗ್ರಾಂನ ಪುಟ್ಟ ಡಬ್ಬಿ. ನಮ್ಮ ಮನೆಯಲ್ಲಿ ಅದಕ್ಕೆ ಜಾಫ್ರಾನ್ ಎನ್ನುತ್ತಾರೆ. ಈದ್ ದಿನ ಜರ್ದಾ ಮಾಡುವಾಗ (ತಂಬಾಕಿನ ಜರ್ದಾ ಅಲ್ಲ, ಸಿಹಿ ಅನ್ನ) ಅಮ್ಮಿ ಎಳೆಗಳನ್ನು ಎಣಿಸಿ ಬಿಸಿ ಹಾಲಿಗೆ ಹಾಕುತ್ತಾರೆ. ಕನ್ನಡದಲ್ಲಿ ಇದಕ್ಕೆ ಕುಂಕುಮಕೇಸರಿ ಎಂಬ ಹೆಸರೂ ಇದೆ. ಅದು ಬೆಳೆಯುವ ಕಾಶ್ಮೀರದಲ್ಲಿ ಕೊಂಗ್ ಎನ್ನುತ್ತಾರೆ. ಡಬ್ಬಿಯ ಮೇಲೆ ನೇರಳೆ ಬಣ್ಣದ ಹೂವಿನ ಚಿತ್ರ ಇದ್ದೇ ಇರುತ್ತದೆ. ಗಡ್ಡೆಯ ಚಿತ್ರ ಮಾತ್ರ ನಾನು ಒಂದು ಡಬ್ಬಿಯ ಮೇಲೂ ನೋಡಿಲ್ಲ. ಆದರೆ ಕೇಸರಿಯ ವ್ಯವಹಾರವೆಲ್ಲ ನಿಂತಿರುವುದು ಆ ಗಡ್ಡೆಯ ಮೇಲೆ. ವಾಣಿಜ್ಯ ವಿಭಾಗದವನಾದ ನನಗೆ ಅದು ಗಿಡಕ್ಕಿಂತ ಹೆಚ್ಚಾಗಿ ಒಂದು ಲೆಕ್ಕದ ಪುಸ್ತಕದಂತೆ ಕಾಣುತ್ತದೆ. ಅದನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಗಡ್ಡೆ ಎಂದರೇನು ಎಂದು ನೋಡೋಣ. ಈರುಳ್ಳಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಪದರ ಪದರವಾಗಿ ಕಾಣುತ್ತದೆ. ಆ ಪದರಗಳು ನಿಜವಾಗಿ ದಪ್ಪಗಾದ ಎಲೆಗಳು. ಕೇಸರಿ ಗಡ್ಡೆಯನ್ನು ಕತ್ತರಿಸಿದರೆ ಪದರವಿಲ್ಲ, ಒಳಗೆಲ್ಲ ಬಿಳಿ, ಗಟ್ಟಿ. ಅದು ನೆಲದೊಳಗೆ ಊದಿಕೊಂಡ ಕಾಂಡ, ಪಿಷ್ಟ ತುಂಬಿದ ಚೀಲ. ಮೇಲೊಂದು ಕಂದು ನಾರಿನ ಹೊದಿಕೆ. ಇಂಥ ಗಡ್ಡೆಗೆ ವಿಜ್ಞಾನದವರು ಕಾರ್ಮ್ ಎನ್ನುತ್ತಾರೆ. ನಮ್ಮ ಸುವರ್ಣಗಡ್ಡೆಯೂ ಅದೇ ಜಾತಿಯ ರಚನೆ, ಗಾತ್ರ ಮಾತ್ರ ಬೇರೆ. ಕೇಸರಿ ಗಡ್ಡೆ ದೊಡ್ಡದಾದರೂ ನಿಂಬೆಹಣ್ಣಿನಷ್ಟೂ ಇರುವುದಿಲ್ಲ. ಸುಮಾರು ಎಂಟು ಗ್ರಾಂಗಿಂತ ಕಡಿಮೆ ತೂಕದ ಗಡ್ಡೆ ಸಾಮಾನ್ಯವಾಗಿ ಹೂ ಬಿಡುವುದಿಲ್ಲ, ಎಲೆ ಬಿಟ್ಟು ಸುಮ್ಮನಾಗುತ್ತದೆ.

ಈ ಗಿಡಕ್ಕೆ ಬೀಜವೇ ಆಗುವುದಿಲ್ಲ. ಹೆಚ್ಚಿನ ಗಿಡಗಳ ಜೀವಕೋಶದಲ್ಲಿ ವರ್ಣತಂತುಗಳು ಎರಡು ಜೋಡಣೆಯಲ್ಲಿ ಇರುತ್ತವೆ. ಕೇಸರಿಯಲ್ಲಿ ಮೂರು ಇವೆ, ಎಂಟೆಂಟರ ಮೂರು, ಒಟ್ಟು 24. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದ ಕಾರಣ ಬೀಜ ಕಟ್ಟುವುದಿಲ್ಲ. ಆದ್ದರಿಂದ ಕೇಸರಿ ಒಂದು ಊರಿನಿಂದ ಇನ್ನೊಂದು ಊರಿಗೆ ಗಾಳಿಯಿಂದಲೋ ಹಕ್ಕಿಯಿಂದಲೋ ಹೋಗಿಲ್ಲ. ಯಾರೋ ಒಬ್ಬರು ಗಡ್ಡೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿಯೇ ಆಗಬೇಕು. ಕಾಶ್ಮೀರದ ಪಾಂಪೋರ್‌ನಲ್ಲಿ, ಇಬ್ಬರು ಸೂಫಿ ಸಂತರು ತಮ್ಮ ಕಾಯಿಲೆ ಗುಣಪಡಿಸಿದವನಿಗೆ ಕೃತಜ್ಞತೆಯಿಂದ ಒಂದು ಕೇಸರಿ ಗಡ್ಡೆ ಕೊಟ್ಟರು ಎಂಬ ಕಥೆ ಹೇಳುತ್ತಾರೆ. ಕಥೆ ಹಾಗಿದ್ದರೂ, 12ನೇ ಶತಮಾನದಲ್ಲಿ ಕಲ್ಹಣ ಬರೆದ ರಾಜತರಂಗಿಣಿಯಲ್ಲೇ ಕಾಶ್ಮೀರದ ಕೇಸರಿಯ ಪ್ರಸ್ತಾಪ ಬರುತ್ತದೆ. ಜಹಾಂಗೀರ್ ಬಾದಶಹ ತನ್ನ ಆತ್ಮಕಥೆಯಲ್ಲಿ ಪಾಂಪೋರ್‌ನ ಕೇಸರಿ ಹೊಲಗಳ ಬಗ್ಗೆ ಬರೆದಿದ್ದಾನೆ. ಕಥೆಯಲ್ಲಿ ನನಗೆ ಇಷ್ಟವಾದದ್ದು ಒಂದೇ: ಉಡುಗೊರೆಯಾಗಿ ಕೊಟ್ಟದ್ದು ಹೂವಲ್ಲ, ಎಳೆಯಲ್ಲ, ಗಡ್ಡೆ. ಅಂದರೆ ಆದಾಯ ಕೊಡಲಿಲ್ಲ, ಬಂಡವಾಳ ಕೊಟ್ಟರು.

ಈಗ ಈ ಬಂಡವಾಳ ವರ್ಷವಿಡೀ ಏನು ಮಾಡುತ್ತದೆ ಎಂದು ನೋಡೋಣ. ನಮ್ಮ ಕಡೆಯ ಗಿಡಗಳು ಮಳೆಗೆ ಚಿಗುರಿ ಬೇಸಿಗೆಗೆ ಒಣಗುತ್ತವೆ. ಕೇಸರಿಯ ಕ್ರಮ ಬೇರೆ. ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಅದು ಹೂ ಬಿಡುತ್ತದೆ. ಆಗ ನೆಲದ ಮೇಲೆ ಎಲೆ ಇನ್ನೂ ಸರಿಯಾಗಿ ಬೆಳೆದಿರುವುದಿಲ್ಲ, ಕೆಲವೆಡೆ ಬರೀ ಮಣ್ಣಿನಿಂದ ಹೂ ಎದ್ದು ನಿಂತಂತೆ ಕಾಣುತ್ತದೆ. ಎಲೆಯೇ ಇಲ್ಲದೆ ಹೂವಿಗೆ ಆಹಾರ ಎಲ್ಲಿಂದ ಬಂತು? ಗಡ್ಡೆಯಲ್ಲಿ ಕೂಡಿಟ್ಟಿದ್ದರಿಂದ. ಅಂದರೆ ಹೂ ಎನ್ನುವುದು ಗಡ್ಡೆಯ ಖರ್ಚು.

ದುಡಿಮೆ ಶುರುವಾಗುವುದು ಹೂವಿನ ನಂತರ. ಹುಲ್ಲಿನ ಗರಿಯಂಥ ಸಣ್ಣ ಹಸಿರು ಎಲೆಗಳು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇರುತ್ತವೆ. ಕಾಶ್ಮೀರದಲ್ಲಿ ಅವುಗಳ ಮೇಲೆ ಹಿಮ ಬೀಳುತ್ತದೆ. ಹಿಮ ಕರಗಿದ ಮೇಲೆ ಅವು ಮತ್ತೆ ಬಿಸಿಲಿಗೆ ಮೈಯೊಡ್ಡಿ ದ್ಯುತಿಸಂಶ್ಲೇಷಣೆ ಮಾಡುತ್ತವೆ. ಫೋಟೋ ತೆಗೆಯಲು ಯಾರೂ ಬರದ ಈ ತಿಂಗಳುಗಳಲ್ಲೇ ಗಿಡ ಸಂಪಾದಿಸುವುದು. ಕೇಸರಿಗೆ ನೆರಳಿಲ್ಲದ, ಬಿಸಿಲು ಬೀಳುವ ಜಾಗ ಬೇಕು ಎನ್ನುವುದು ಮುಖ್ಯವಾಗಿ ಈ ಎಲೆಗಳಿಗಾಗಿ. ಸಂಪಾದಿಸಿದ್ದು ಹಳೆಯ ಗಡ್ಡೆಗೆ ಸೇರುವುದಿಲ್ಲ. ಹಳೆಯ ಗಡ್ಡೆಯ ತಲೆಯ ಮೇಲೆ ಹೊಸ ಗಡ್ಡೆಗಳು ಕಟ್ಟುತ್ತವೆ, ಹಳೆಯದು ಸುಕ್ಕಾಗಿ, ಸಿಪ್ಪೆಯಾಗಿ, ಸತ್ತುಹೋಗುತ್ತದೆ. ಪ್ರತಿ ವರ್ಷವೂ ಹೀಗೆಯೇ. ನಾವು ಯಂತ್ರಕ್ಕೆ ವರ್ಷಕ್ಕೆ ಶೇ 10 ಸವಕಳಿ ಹಾಕಿ ಲೆಕ್ಕ ಬರೆಯುತ್ತೇವಲ್ಲ, ಇಲ್ಲಿ ಸವಕಳಿ ಶೇ 100. ಹೊಸ ಯಂತ್ರವನ್ನು ಹಳೆಯ ಯಂತ್ರವೇ ಮಾಡಿಟ್ಟು ಹೋಗಬೇಕು. ಅಮ್ಮ ಗಡ್ಡೆಯ ಮೇಲೆ ಮಗಳು ಗಡ್ಡೆ ಕಟ್ಟುವುದರಿಂದ ವರ್ಷದಿಂದ ವರ್ಷಕ್ಕೆ ಅವು ಮೇಲ್ಮೈಗೆ ಹತ್ತಿರವಾಗುತ್ತವೆ, ಒಂದಕ್ಕೊಂದು ಒತ್ತಿಕೊಂಡು ಸಣ್ಣದಾಗುತ್ತವೆ. ಅದಕ್ಕೇ ನಾಲ್ಕೈದು ವರ್ಷಕ್ಕೊಮ್ಮೆ ಅಗೆದು, ದೊಡ್ಡವನ್ನು ಆರಿಸಿ, 10-15 ಸೆಂಟಿಮೀಟರ್ ಆಳಕ್ಕೆ ಮತ್ತೆ ನೆಡಬೇಕು ಎಂದು ಕೃಷಿ ತಜ್ಞರು ಹೇಳುತ್ತಾರೆ.

ಏಪ್ರಿಲ್ ಕೊನೆ, ಮೇ ತಿಂಗಳಿಗೆ ಎಲೆ ಹಳದಿಯಾಗಿ ಒಣಗುತ್ತದೆ. ಬೇರೂ ಇರುವುದಿಲ್ಲ. ಗಡ್ಡೆ ಮಲಗುತ್ತದೆ. ಇದಕ್ಕೆ ಸುಪ್ತಾವಸ್ಥೆ ಎನ್ನುತ್ತಾರೆ. ಆದರೆ ಈ ನಿದ್ದೆಯಲ್ಲಿ ಒಂದು ಗುಟ್ಟಿದೆ. ಮುಂದಿನ ಅಕ್ಟೋಬರ್‌ನಲ್ಲಿ ಬರುವ ಹೂ ಗಡ್ಡೆಯ ಮೊಗ್ಗಿನೊಳಗೆ ರೂಪುಗೊಳ್ಳುವುದು ಈ ಬೇಸಿಗೆಯಲ್ಲೇ. ಅದಕ್ಕೆ ಬೇಕಾದ ಉಷ್ಣತೆ ಸುಮಾರು 23ರಿಂದ 27 ಡಿಗ್ರಿ. ಒಳಗೆ ಹೂ ತಯಾರಾದ ಮೇಲೆ ಅದು ಹೊರಬರಲು ಉಷ್ಣತೆ ಸುಮಾರು 17 ಡಿಗ್ರಿಗೆ ಇಳಿಯಬೇಕು. ಮಲಗಿರುವ ತಿಂಗಳುಗಳಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಫ್ಯುಸೇರಿಯಂ ಎಂಬ ಶಿಲೀಂಧ್ರ ಕಾಶ್ಮೀರದ ರೈತರಿಗೆ ದೊಡ್ಡ ತಲೆನೋವು. ಮುಳ್ಳುಹಂದಿ ಇನ್ನೊಂದು. ಅದು ರಾತ್ರಿ ಬಂದು ಗಡ್ಡೆಯನ್ನೇ ಕೆದಕಿ ತಿನ್ನುತ್ತದೆ. ಹೂ ಕದ್ದರೆ ಒಂದು ವರ್ಷದ ನಷ್ಟ, ಗಡ್ಡೆ ತಿಂದರೆ ಮುಂದಿನ ಎಲ್ಲ ವರ್ಷಗಳ ನಷ್ಟ.

ಪಾಂಪೋರ್ ಇರುವುದು ಶ್ರೀನಗರದ ಹತ್ತಿರ, ಪುಲ್ವಾಮಾ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ. ಅಲ್ಲಿನ ದಿಬ್ಬದಂಥ ನೆಲಕ್ಕೆ ಕರೇವಾ ಎನ್ನುತ್ತಾರೆ. ಬಹಳ ಹಿಂದೆ ಕಣಿವೆಯಲ್ಲಿದ್ದ ಸರೋವರದ ತಳದ ಮಣ್ಣು ಅದು. ರೈತರು ಅದನ್ನು ಚೌಕ ಚೌಕ ಪಾತಿ ಮಾಡಿ, ನಾಲ್ಕೂ ಕಡೆ ನೀರು ಹರಿದುಹೋಗಲು ಕಾಲುವೆ ಬಿಡುತ್ತಾರೆ. ಗಡ್ಡೆ ಮಲಗಿರುವಾಗ ರೈತ ಮಲಗುವುದಿಲ್ಲ: ಜೂನ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಮಣ್ಣು ಸಡಿಲಿಸಬೇಕು, ಎರಡನೆಯ ಸಲ ಮೊಳಕೆಗೆ ಪೆಟ್ಟಾಗದ ಹಾಗೆ ಮೆಲ್ಲಗೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಂದೆರಡು ಒಳ್ಳೆಯ ಮಳೆ ಬೇಕು. ಬಾರದಿದ್ದರೆ ಹೂ ಕಡಿಮೆ.

ಹೂ ಬರುವುದು ಎರಡು ಮೂರು ವಾರ ಮಾತ್ರ. ಬಿಸಿಲೇರುವ ಮೊದಲು ಇಡೀ ಮನೆಯವರು ಬುಟ್ಟಿ ಹಿಡಿದು ಬಗ್ಗಿಕೊಂಡು ಕೊಯ್ಯುತ್ತಾರೆ. ಸೊಂಟದೆತ್ತರದ ಗಿಡವಲ್ಲ, ಅಂಗೈ ಎತ್ತರದ ಹೂ. ಆಮೇಲೆ ಮನೆಯಲ್ಲಿ ಕುಳಿತು ಒಂದೊಂದೇ ಹೂ ಬಿಡಿಸಬೇಕು. ಪ್ರತಿ ಹೂವಿನಲ್ಲಿ ಆರು ನೇರಳೆ ದಳ, ಮೂರು ಹಳದಿ ಕೇಸರಗಳು, ಮೂರು ಕೆಂಪು ಎಳೆ. ವಿಜ್ಞಾನ ವಿಭಾಗದ ಗೆಳೆಯರು ಗಮನಿಸಬೇಕು, ನಮ್ಮ ಪಠ್ಯಪುಸ್ತಕದಲ್ಲಿ ಕೇಸರ ಎಂದರೆ ಗಂಡು ಭಾಗ. ಅಡುಗೆಯ ಕೇಸರಿ ಅದಲ್ಲವೇ ಅಲ್ಲ. ಅದು ಹೆಣ್ಣು ಭಾಗದ ತುದಿ, ಶಲಾಕಾಗ್ರ. ಕೆಂಪು ತುದಿ ಮಾತ್ರ ಇದ್ದರೆ ಮೋಂಗ್ರಾ, ಕೆಳಗಿನ ಹಳದಿ ಭಾಗವೂ ಸೇರಿದ್ದರೆ ಲಚ್ಛಾ ಎನ್ನುತ್ತಾರೆ. ಒಂದು ಕಿಲೋ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು. ಅಂದರೆ ಒಂದು ಗ್ರಾಂಗೆ 150 ಹೂ. ಆ ಪುಟ್ಟ ಡಬ್ಬಿಯ ಬೆಲೆ ಕೇಳಿ ಹುಬ್ಬೇರಿಸುವ ಮೊದಲು 150 ಸಲ ಬಗ್ಗಿ ಏಳುವುದನ್ನು ನೆನೆಸಿಕೊಳ್ಳಿ.

ಇಷ್ಟಿದ್ದೂ ಅಲ್ಲಿ ಬೆಳೆ ಕುಗ್ಗುತ್ತಿದೆ. 1990ರ ದಶಕದಲ್ಲಿ ಸುಮಾರು 5,700 ಹೆಕ್ಟೇರ್ ಇದ್ದ ಕೇಸರಿ ಭೂಮಿ 2010ರ ಹೊತ್ತಿಗೆ ಸುಮಾರು 3,700 ಹೆಕ್ಟೇರ್‌ಗೆ ಇಳಿಯಿತು. ಮಳೆ ತಪ್ಪಿದ್ದು ಒಂದು ಕಾರಣ, ಮನೆ ಕಟ್ಟಲು ನೆಲ ಹೋದದ್ದು ಇನ್ನೊಂದು. ಜೂನ್ ತಿಂಗಳಲ್ಲಿ ಹೆದ್ದಾರಿಯಲ್ಲಿ ಹೋಗುವವರಿಗೆ ಪಾಂಪೋರ್‌ನ ಹೊಲ ಬರಡು ಬಯಲಿನಂತೆ ಕಾಣುತ್ತದೆ. ಕೆಳಗೆ ಬಂಡವಾಳ ಮಲಗಿದೆ ಎಂದು ಯಾರಿಗೆ ಗೊತ್ತಾಗಬೇಕು? ಕೇಸರಿ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸದಂತೆ 2007ರಲ್ಲಿ ಅಲ್ಲಿ ಕಾನೂನು ಬಂತು. 2010ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಕೇಸರಿ ಮಿಷನ್ ಶುರುವಾಯಿತು, ಕೊಳವೆಬಾವಿ, ತುಂತುರು ನೀರಾವರಿಗೆ ಹಣ ಬಂತು. 2020ರಲ್ಲಿ ಕಾಶ್ಮೀರ ಕೇಸರಿಗೆ ಜಿಐ ಮಾನ್ಯತೆ ಸಿಕ್ಕಿತು. ಆದರೂ ಜಗತ್ತಿನ ಮಾರುಕಟ್ಟೆಯಲ್ಲಿ ಇರಾನ್‌ನದ್ದೇ ದರ್ಬಾರು, ಒಟ್ಟು ಉತ್ಪಾದನೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಅಲ್ಲಿಂದಲೇ ಬರುತ್ತದೆ.

ಇಷ್ಟೆಲ್ಲ ನಾನು ಓದಿದ್ದು ಪರೀಕ್ಷೆಗಲ್ಲ. ನನ್ನ ಮಾಮೂ ಹನ್ನೊಂದು ವರ್ಷ ಸೌದಿಯಲ್ಲಿ ದುಡಿದು ಕಳೆದ ವರ್ಷ ಊರಿಗೆ ಬಂದರು. ಅವರ ಮೊಬೈಲಿಗೆ ಒಂದು ಜಾಹೀರಾತು ಬಂತು: ಮಣ್ಣು ಬೇಡ, ನೀರು ಬೇಡ, ಮನೆಯ ಒಂದು ಕೋಣೆ ಸಾಕು, ಕೇಸರಿ ಬೆಳೆದು ಲಕ್ಷ ಲಕ್ಷ ಗಳಿಸಿ, ಗಡ್ಡೆ ನಾವೇ ಕೊಡುತ್ತೇವೆ, ತರಬೇತಿಯೂ ನಮ್ಮದೇ. ಮಾಮೂ ನನ್ನನ್ನು ಕರೆದು, "ನೀನು ಕಾಮರ್ಸ್ ಓದುತ್ತೀಯಲ್ಲ ಬೇಟಾ, ಇದರ ಲೆಕ್ಕ ನೋಡು" ಎಂದರು. ಮಹಡಿಯ ಕೋಣೆಯನ್ನು ಖಾಲಿ ಮಾಡಿಸಲೂ ಆಗಲೇ ಯೋಚಿಸಿದ್ದರು.

ಜಾಹೀರಾತಿನಲ್ಲಿ ಒಂದು ಮಾತು ನಿಜ. ದೊಡ್ಡ ಗಡ್ಡೆ ಮಣ್ಣಿಲ್ಲದೆ, ಬರೀ ತಟ್ಟೆಯ ಮೇಲಿಟ್ಟರೂ ಹೂ ಬಿಡುತ್ತದೆ. ಏಕೆ ಎಂದು ಈಗ ನಿಮಗೆ ಗೊತ್ತಾಗಿರಬೇಕು: ಹೂ ಒಳಗೆ ಮೊದಲೇ ತಯಾರಾಗಿದೆ, ಅದರ ಖರ್ಚಿಗೆ ಬೇಕಾದದ್ದು ಗಡ್ಡೆಯಲ್ಲೇ ಇದೆ. ಕೋಣೆಯ ಉಷ್ಣತೆಯನ್ನು ಎ.ಸಿ. ಹಾಕಿ ಇಳಿಸಿದರೆ, ಗಾಳಿಯಲ್ಲಿ ತೇವ ಇಟ್ಟರೆ, ಮೊಳಕೆ ಬಂದು ಹೂ ಅರಳುತ್ತದೆ. ಕಾಶ್ಮೀರದಲ್ಲೂ ಈಗ ಕೆಲವು ರೈತರು ಮಳೆಯನ್ನು ನಂಬಲಾಗದೆ ಕೋಣೆಯೊಳಗೆ ತಟ್ಟೆಗಳಲ್ಲಿ ಹೂ ಪಡೆಯುತ್ತಾರೆ.

ನಾನು ಮಾಮೂಗೆ ಮಾಡಿಕೊಟ್ಟ ಲೆಕ್ಕ ಹೀಗಿತ್ತು. ಬೆಲೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮಗೆ ಸಿಗುವ ಬೆಲೆ ಹಾಕಿ ನೋಡಬಹುದು. ಹತ್ತು ಗ್ರಾಂ ತೂಗುವ ಗಡ್ಡೆಗಳು 100 ಕಿಲೋ ಕೊಂಡರೆ 10,000 ಗಡ್ಡೆ. ಒಂದೊಂದಕ್ಕೆ ಎರಡು ಹೂ ಎಂದರೆ 20,000 ಹೂ. 150ರಿಂದ ಭಾಗಿಸಿದರೆ 133 ಗ್ರಾಂ ಕೇಸರಿ. ಗ್ರಾಂಗೆ 300 ರೂಪಾಯಿ ಸಿಕ್ಕರೆ ಸುಮಾರು 40,000 ರೂಪಾಯಿ. ಗಡ್ಡೆ ಕಿಲೋಗೆ 500 ರೂಪಾಯಿ ಎಂದುಕೊಂಡರೆ ಅದಕ್ಕೇ 50,000. ಅದರ ಮೇಲೆ ಸಾಗಣೆ, ಕಬ್ಬಿಣದ ರ‍್ಯಾಕು, ಎ.ಸಿ., ಕರೆಂಟು ಬಿಲ್ಲು. ಮೊದಲ ವರ್ಷ ಲಾಭದ ಮಾತೇ ಇಲ್ಲ.

"ಮೊದಲ ವರ್ಷ ಯಾವ ವ್ಯಾಪಾರದಲ್ಲಿ ಲಾಭ ಬರುತ್ತದೆ? ಗಡ್ಡೆ ಉಳಿಯುತ್ತದಲ್ಲ, ಎರಡನೇ ವರ್ಷ ಪುಕ್ಕಟೆ" ಎಂದರು ಮಾಮೂ. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಇರುವುದು ಅಲ್ಲೇ. ನಾವು ವ್ಯಾಪಾರದ ಲೆಕ್ಕ ಬರೆಯುವಾಗ ವರ್ಷದ ಕೊನೆಗೆ ಉಳಿದ ಸರಕಿನ ಬೆಲೆ ಕಟ್ಟುತ್ತೇವೆ. ಅದನ್ನು ಬರೆಯದೆ ಲಾಭ ತೋರಿಸಿದರೆ ನಮ್ಮ ಲೆಕ್ಕಶಾಸ್ತ್ರದ ಮೇಷ್ಟ್ರು ಅರ್ಧ ಅಂಕವನ್ನೂ ಕೊಡುವುದಿಲ್ಲ. ಜಾಹೀರಾತಿನಲ್ಲಿ ಹೂವಿನ ಮಾರಾಟ ಇತ್ತು, ಕೊನೆಯ ಸರಕು ಇರಲಿಲ್ಲ. ಹೂ ಬಿಟ್ಟ ಗಡ್ಡೆ ಖರ್ಚಾದ ಗಡ್ಡೆ. ಅದು ಹೊಸ ಗಡ್ಡೆ ಕಟ್ಟಬೇಕಾದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಎಲೆಗೆ ಚಳಿಯೂ ಬೇಕು, ಧಾರಾಳ ಬೆಳಕೂ ಬೇಕು, ಬೇರಿಗೆ ಮಣ್ಣೂ ಬೇಕು. ಕಾಶ್ಮೀರದ ರೈತ ಹೂ ಕಿತ್ತ ಮೇಲೆ ತಟ್ಟೆಯ ಗಡ್ಡೆಗಳನ್ನು ತನ್ನ ಹೊಲಕ್ಕೆ ಒಯ್ದು ನೆಡುತ್ತಾನೆ. ಚಳಿಗಾಲದ ಬಿಸಿಲು ಅವನಿಗೆ ಪುಕ್ಕಟೆ. ಮಹಡಿಯ ಕೋಣೆಯಲ್ಲಿ ಅದೇ ಬಿಸಿಲನ್ನು ಐದು ತಿಂಗಳು ಬಲ್ಬಿನಿಂದ ಕೊಳ್ಳಬೇಕು. ಎಂಟು ಗ್ರಾಂ ದಾಟದ ಮರಿಗಳು ಹುಟ್ಟಿದರೆ ಲೆಕ್ಕದಲ್ಲಿ ಹತ್ತು ಸಾವಿರ ಗಡ್ಡೆ ಕಂಡರೂ ಹೂ ಸೊನ್ನೆ. ಆಗ ಮತ್ತೆ ಗಡ್ಡೆ ಕೊಳ್ಳಬೇಕು. ಯಾರಿಂದ? ಜಾಹೀರಾತು ಕೊಟ್ಟವರಿಂದಲೇ.

ಕೋಣೆಯ ಕೇಸರಿ ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೆಳಕು, ಚಳಿ ಎಲ್ಲವನ್ನೂ ಸರಿಯಾಗಿ ಕೊಟ್ಟು ಮಾಡುವವರು ಮಾಡಬಹುದು. ಆದರೆ ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಬೇಕು: ನಿಮ್ಮ ಕೋಣೆಯಲ್ಲೇ ಹುಟ್ಟಿ, ನಿಮ್ಮ ಕೋಣೆಯಲ್ಲೇ ಹೂ ಬಿಟ್ಟ ಗಡ್ಡೆ ತೋರಿಸಿ. ಮಾಮೂ ಫೋನಿನಲ್ಲಿ ಇದನ್ನೇ ಕೇಳಿದರು. ಆ ಕಡೆಯವರು ಹೂವಿನ ವಿಡಿಯೋ ಕಳಿಸಿದರು. ಮಾಮೂ ಇನ್ನೂ ಹಣ ಕಟ್ಟಿಲ್ಲ.

ಕೋಣೆ ಬೇಡ, ನಮ್ಮ ಅಂಗಳದ ಬಿಸಿಲಿನಲ್ಲೇ ನೆಟ್ಟರೆ ಆಗದೇ ಎಂದು ನಾನಿ ಕೇಳಿದರು. ಆಗುವುದಿಲ್ಲ. ಗಡ್ಡೆ ಒಣಗಿ ಮಲಗಬೇಕಾದ ಜೂನ್, ಜುಲೈ, ಆಗಸ್ಟ್‌ನಲ್ಲೇ ನಮ್ಮಲ್ಲಿ ಮಳೆ. ಎಲೆ ದುಡಿಯಬೇಕಾದ ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮಲ್ಲಿ ಸೆಖೆ, ಎಲೆ ಬೇಗ ಒಣಗುತ್ತದೆ. ಬಿಸಿಲಿಗೇನೋ ಕೊರತೆಯಿಲ್ಲ, ಕ್ಯಾಲೆಂಡರ್ ಹೊಂದುವುದಿಲ್ಲ.

ಆದರೆ ಕೇಸರಿಯದೇ ಕುಟುಂಬದ, ಇದೇ ರೀತಿ ಗಡ್ಡೆಯ ಮೇಲೆ ಗಡ್ಡೆ ಕಟ್ಟುವ ಇನ್ನೊಂದು ಹೂ ನಮ್ಮ ಬೆಂಗಳೂರು, ಕೋಲಾರ, ತುಮಕೂರಿನ ಕಡೆ ಚೆನ್ನಾಗಿ ಬರುತ್ತದೆ: ಗ್ಲಾಡಿಯೋಲಸ್. ಮದುವೆ ಮಂಟಪದಲ್ಲಿ, ಹೂಗುಚ್ಛಗಳಲ್ಲಿ ಉದ್ದ ಕಡ್ಡಿಯ ತುಂಬ ಸಾಲಾಗಿ ಹೂ ಇರುತ್ತದಲ್ಲ, ಅದೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದರ ಹಲವು ತಳಿ ಮಾಡಿದ್ದಾರೆ, ಆರತಿ, ಪೂನಂ, ಸಪ್ನಾ ಎಂದು ಹೆಸರು. ಒಂದಕ್ಕೆ ನಜರಾನಾ ಎಂದಿದೆ. ನಜರಾನಾ ಎಂದರೆ ಉರ್ದುವಿನಲ್ಲಿ ಕಾಣಿಕೆ.

ನಮ್ಮ ಕಾಲೇಜಿನ ಗೇಟಿನ ಬಳಿ ದಿನವಿಡೀ ಬಿಸಿಲು ಬೀಳುವ ಒಂದು ಪಾತಿ ಖಾಲಿ ಇದೆ. ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ನೆಡಬಹುದು. ನೀರು ನಿಲ್ಲದ ಹಾಗೆ ಪಾತಿ ಸ್ವಲ್ಪ ಎತ್ತರಿಸಿ, ಗಡ್ಡೆಯ ಚೂಪು ತುದಿ ಮೇಲೆ ಬರುವಂತೆ ಐದಾರು ಸೆಂಟಿಮೀಟರ್ ಆಳಕ್ಕೆ, ಒಂದು ಗೇಣು ಅಂತರ ಬಿಟ್ಟು ಇಟ್ಟರೆ ಎರಡೂವರೆ ಮೂರು ತಿಂಗಳಲ್ಲಿ ಹೂ ಬರುತ್ತದೆ. ಗಣರಾಜ್ಯೋತ್ಸವಕ್ಕೆ ಸರಿಹೋಗಬಹುದು. ಹೂವಿನ ಕಡ್ಡಿ ಕೊಯ್ಯುವಾಗ ಗಿಡದಲ್ಲಿ ಕನಿಷ್ಠ ನಾಲ್ಕು ಎಲೆ ಬಿಡಬೇಕು. ಹೂ ಮುಗಿದ ಮೇಲೆ ಅಂದ ಕೆಟ್ಟಿತೆಂದು ಎಲೆ ಕತ್ತರಿಸದಂತೆ ಮಾಲಿ ಚಾಚಾಗೆ ಮೊದಲೇ ಹೇಳಿಡಬೇಕು. ಇನ್ನೂ ಒಂದೂವರೆ ತಿಂಗಳು ನೀರು ಕೊಡುತ್ತಿದ್ದು, ಎಲೆ ಹಳದಿಯಾಗುತ್ತಿದ್ದಂತೆ ನೀರು ನಿಲ್ಲಿಸಿ, ಮಾರ್ಚ್ ಹೊತ್ತಿಗೆ ಅಗೆದರೆ ಸುಕ್ಕಾದ ಹಳೆಯ ಗಡ್ಡೆಯ ಮೇಲೆ ಹೊಸದು ಕುಳಿತಿರುವುದು ಕಣ್ಣಿಗೇ ಕಾಣುತ್ತದೆ. ಸುತ್ತ ಕಡಲೆಕಾಳಿನಂಥ ಮರಿಗಳೂ ಇರುತ್ತವೆ. ಹಳೆಯದನ್ನು ಮುರಿದು ಬಿಸಾಡಿ, ಹೊಸದನ್ನು ನೆರಳಲ್ಲಿ ಒಣಗಿಸಿ, ಈರುಳ್ಳಿ ಬರುವ ಬಲೆ ಚೀಲಕ್ಕೆ ತುಂಬಿ, ಗಾಳಿಯಾಡುವ ತಂಪು ಜಾಗದಲ್ಲಿ ನೇತುಹಾಕಬೇಕು. ಚೀಲಕ್ಕೆ ಒಂದು ಚೀಟಿ ಕಟ್ಟಿ, ನೆಟ್ಟದ್ದೆಷ್ಟು, ಅಗೆದದ್ದೆಷ್ಟು, ತೂಕ ಎಷ್ಟು ಎಂದು ಬರೆದಿಡಿ. ಆ ಮೂರು ಅಂಕಿಗಳನ್ನು ನನಗೆ ಕೊಟ್ಟರೆ ಮುಂದಿನ ಲೆಕ್ಕ ನಾನು ಮಾಡಿಕೊಡುತ್ತೇನೆ.